ಎರಡನೇ ಹಾಸಿಗೆಯ ಬಾಡಿಗೆ

ಕೂತುಕೋ ರೊಸಾಲ್ವಾ, ಸಕ್ಕರೆ ನಿನ್ನ ಕೈಯಳತೆ.
ಗ್ಯಾಲ್ವೆಸ್ಟನ್ನಿನ ಈ ಅಡುಗೆಮನೆ ಕಿಟಕಿಯಿಂದ
ಹಡಗಿನ ಹೊಗೆಗೊಳವೆಯ ತುದಿಯಷ್ಟೇ ಕಾಣುತ್ತದೆ.
ಶನಿವಾರ ನಾಲ್ಕಕ್ಕೆ ಅದು ಕೂಗಿದರೆ
ನನ್ನ ಬಾಣಲೆಯ ಮುಚ್ಚಳ ನಡುಗುತ್ತದೆ.

ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ
ಮೊದಲ ಪಯಣ ಅಂದೆಯಲ್ಲ,
ಬರೆದುಕೋ. ಪೆನ್ನು ಫ್ರಿಜ್ಜಿನ ಮೇಲಿದೆ.

ವರ್ಷದ ಮೊದಲ ಮೂರು ತಿಂಗಳು ಕಂಪನಿಗಳಿಗೆ ಸುಗ್ಗಿ.
'ಜೊತೆಗಾರರಿಗೆ ಅರ್ಧ ದರ' ಎಂದು
ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ.
ನೀನು ಇರುವೆಯಷ್ಟು ಸಣ್ಣ ಅಕ್ಷರದಿಂದ ಓದಲು ಶುರುಮಾಡು.
ಬಂದರಿನ ತೆರಿಗೆ, ಕೆಲಸದವರ ಭಕ್ಷೀಸು,
ಕಾರು ನಿಲ್ಲಿಸುವ ಬಾಡಿಗೆ,
ಎಲ್ಲ ಕೂಡಿಸಿ ರಾತ್ರಿಗಳಿಂದ ಭಾಗಿಸು.
ಬಂದ ಅಂಕಿಯನ್ನು ನಂಬು,
ಉಳಿದದ್ದು ಬರೀ ಬಲೂನು.

ಕಿಟಕಿಯ ಕೋಣೆ ಬೇಡ.
ಕಣ್ಣು ಮುಚ್ಚಿ ಮಲಗುವುದಕ್ಕೆ ಕಿಟಕಿ ಯಾಕೆ?
ಮೇಲಟ್ಟಕ್ಕೆ ಹೋಗು, ಅಷ್ಟೂ ಕಡಲು ಪುಕ್ಕಟೆ.
ಯೂಸೇಬಿಯೋಗೆ ಹೊಟ್ಟೆ ತೊಳೆಸುತ್ತದೆಯೇ?
ಹಾಗಾದರೆ ಕೆಳಗಿನ ಅಂತಸ್ತು, ಹಡಗಿನ ನಟ್ಟನಡುವೆ.
ನೃತ್ಯದ ಹಾಲಿನ ಕೆಳಗೆ ಮಾತ್ರ, ನನ್ನಾಣೆ, ಬೇಡ.
ಒಂದು ವಾರ ಯಾರ್‍ಯಾರದೋ ಹಿಮ್ಮಡಿಗಳು
ನನ್ನ ತಲೆಯೊಳಗೇ ಓಡಾಡಿದವು.

ಸೆಪ್ಟೆಂಬರ್ ಅಗ್ಗ. ಅಗ್ಗಕ್ಕೆ ಕಾರಣವಿದೆ,
ಆ ಕಾರಣಕ್ಕೆ ಪ್ರತಿವರ್ಷ ಹೊಸ ಹೆಸರಿಡುತ್ತಾರೆ,
ಹೆಸರಿಟ್ಟು ನಮ್ಮ ಮನೆಯ ಹೆಂಚು ಕಿತ್ತೊಯ್ಯುತ್ತಾರೆ.
ಹೋಗುವುದಾದರೆ ವಿಮೆ ಮಾಡಿಸು.

ಮುಂಗಡ ಕೊಟ್ಟ ಮೇಲೂ ಮರೆತು ಕೂರಬೇಡ.
ಬಾಕಿ ಕಟ್ಟುವ ದಿನದವರೆಗೆ
ವಾರಕ್ಕೊಮ್ಮೆ ದರ ನೋಡು.
ಇಳಿದರೆ ಫೋನು ಮಾಡು,
'ಆ ದರ ನನಗೂ ಕೊಡಿ' ಅನ್ನು.
ಆಗುವುದಿಲ್ಲ ಅಂದರೆ ಇಟ್ಟು, ಮತ್ತೆ ಮಾಡು.
ಬೇರೆ ಹುಡುಗಿ ಎತ್ತುತ್ತಾಳೆ.
ಟೆಕ್ಸಸ್ಸಿನವರಿಗೆ ಏನಾದರೂ ಬಿಡುತ್ತೀರಾ, ಕೇಳು.
ಐವತ್ತೈದು ದಾಟಿದವರಿಗೆ? ಕೇಳು.
ವಯಸ್ಸು ಹೇಳಲು ನನಗೂ ನಾಚಿಕೆಯಿತ್ತು,
ನಲವತ್ತು ಡಾಲರ್ ಉಳಿಯುವ ತನಕ.

ಇನ್ನು ಅಂಕಗಳ ಮಾತು. ಇದರ ಕೆಳಗೆ ಗೆರೆ ಎಳೆ.
ಮೊದಲ ದಿನವೇ ಸದಸ್ಯರಾಗಿ, ಇಬ್ಬರೂ,
ಒಂದೇ ವಿಳಾಸದಲ್ಲಿ.

ನಾವು ಆಗಲಿಲ್ಲ.
ಎಂಟು ಪಯಣದ ಅಂಕ
ವೆಂಡೆಲ್ ಹೆಸರಿನಲ್ಲೇ ಕೂತಿತ್ತು.
ಏಪ್ರಿಲ್‌ನಲ್ಲಿ ಫೋನು ಮಾಡಿದೆ.
'ಸದಸ್ಯರೇ ಮಾತಾಡಬೇಕು ಮೇಡಂ' ಅಂದಳು ಹುಡುಗಿ.
ಅವನು ಮಾತಾಡುವುದಿಲ್ಲ ಅಂದೆ.
'ಯಾವಾಗ ಸಿಗುತ್ತಾರೆ?'

ಆ ವರ್ಷ ಒಬ್ಬಳೇ ಹೊರಟೆ.
ಕೋಣೆಯಲ್ಲಿ ಹಾಸಿಗೆ ಎರಡು,
ಮಲಗುವವಳು ಒಬ್ಬಳು, ದುಡ್ಡು ಇಬ್ಬರದು.
ಹಲ್ಲು ಕಚ್ಚಿ ಕೊಟ್ಟೆ.
ಮೊದಲ ರಾತ್ರಿ ಇತ್ತ ಮಲಗಿದೆ, ಮಧ್ಯರಾತ್ರಿ ಎದ್ದು ಅತ್ತ ಮಲಗಿದೆ,
ಕೊಟ್ಟ ಹಣ ವಸೂಲಾಗಲಿ ಎಂದು.

ಆಮೇಲೆ ಗೊತ್ತಾಯಿತು, ಇದನ್ನೂ ಬರೆದುಕೋ,
ನಿನಗೆ ಬೇಡ, ಆದರೂ ಬರೆದುಕೋ:
ನಮ್ಮ ಕಂಪನಿಯಲ್ಲಿ ಇಬ್ಬರ ಹಣ ಕೊಟ್ಟ ಒಂಟಿಗೆ
ರಾತ್ರಿಗೆ ಎರಡು ಅಂಕ.
ಖಾಲಿ ಹಾಸಿಗೆಯೂ ದುಡಿಯುತ್ತದೆ.
ಭಾನುವಾರ ಹುಲ್ಲು ಕತ್ತರಿಸು ಅಂದರೆ
ಮಗ್ಗುಲು ಬದಲಿಸುತ್ತಿದ್ದ ಮನುಷ್ಯ,
ಈಗ ನನ್ನ ಪಕ್ಕದಲ್ಲಿ ಇಲ್ಲದೆಯೇ
ರಾತ್ರಿಯೆಲ್ಲ ಸಂಪಾದಿಸುತ್ತಾನೆ.

ಇನ್ನು ಹನ್ನೊಂದು ಅಂಕವಾದರೆ
ಬಟ್ಟೆ ಪುಕ್ಕಟೆ ಒಗೆದುಕೊಡುತ್ತಾರೆ, ಒಂದು ಚೀಲ.
ಒಬ್ಬಳ ಬಟ್ಟೆಗೆ ಚೀಲ ತುಂಬುವುದಿಲ್ಲ.
ಅವನ ನೀಲಿ ಶರ್ಟು ಎರಡು ತುರುಕಿಬಿಡುತ್ತೇನೆ,
ಇಸ್ತ್ರಿಯಾಗಿ ಬರಲಿ.

ಕಾಫಿ ಆರಿತು, ಕುಡಿ.
ಪಾಸ್‌ಪೋರ್ಟಿನ ತಾರೀಖು ನೋಡಿದೆಯಾ?
ಅಗೋ, ಮುಚ್ಚಳ.
ಇವತ್ತು ಹನ್ನೆರಡು ನಿಮಿಷ ತಡ.